ಸುರಪುರದ ನಾಯಕರು: ಸಾಮ್ರಾಜ್ಯಗಳು ಕುಸಿದ ಸಂದಿಯಲ್ಲಿ ಎದ್ದ ರಾಜ್ಯ

ಇಂದಿನ ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ, ಹುಣಸಗಿ ಸೀಮೆಯಲ್ಲಿ ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ತಲೆಯೆತ್ತಿ, 1858ರವರೆಗೆ ಬಾಳಿದ ಬೇಡ ನಾಯಕರ ರಾಜ್ಯವೇ ಸುರಪುರ ಸಂಸ್ಥಾನ. ಇಂಗ್ಲಿಷರ ಕಾಗದಪತ್ರಗಳಲ್ಲಿ ಇದು ಶೋರಾಪುರ. ಗೋಸಲ ಮನೆತನದ ಈ ನಾಯಕರು ಬಿಜಾಪುರದ ಆದಿಲ್‌ಶಾಹಿಗಳ ಕೈಕೆಳಗೆ ಬಲಿತರು, ಮೊಘಲ್ ಬಾದಶಹ ಔರಂಗಜೇಬನಿಗೆ ಎದುರು ನಿಂತರು, ಆಮೇಲೆ ಹೈದರಾಬಾದಿನ ನಿಜಾಮನಿಗೂ ಪುಣೆಯ ಪೇಶ್ವೆಗೂ ಕಪ್ಪ ಕೊಡುತ್ತಲೇ ತಮ್ಮ ನೆಲವನ್ನು ತಾವೇ ಆಳಿದರು. ಔರಂಗಜೇಬ ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ ಇವರ ವಾಗಣಗೇರಾ ಕೋಟೆಯದು. ದಕ್ಷಿಣದ ಇತಿಹಾಸದಲ್ಲಿ ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿದುಹೋಗುವ ಈ ರಾಜ್ಯಕ್ಕೆ ಅದಕ್ಕಿಂತ ಹೆಚ್ಚಿನ ಜಾಗ ಸಲ್ಲಬೇಕು. ದೊಡ್ಡ ಸಾಮ್ರಾಜ್ಯ ಕುಸಿಯುವಾಗ ನೆಲದ ಮೇಲೆ ನಿಜಕ್ಕೂ ಏನು ನಡೆಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ಕರ್ನಾಟಕದಲ್ಲಿ ಕಡಿಮೆ.

ಎರಡು ನದಿಗಳ ನಡುವಿನ ನೆಲ

ದಕ್ಷಿಣಕ್ಕೆ ಕೃಷ್ಣಾ, ಉತ್ತರಕ್ಕೂ ಪೂರ್ವಕ್ಕೂ ಭೀಮಾ. ನಡುವೆ ಎರೆಹೊಲ, ಅಲ್ಲಲ್ಲಿ ಎದ್ದು ನಿಂತ ಕಗ್ಗಲ್ಲಿನ ಗುಡ್ಡಗಳು. ಜೋಳ ಬೆಳೆಯಲು ಹೊಲ, ಅಡಗಲು ಗುಡ್ಡ, ಮಳೆಗಾಲದಲ್ಲಿ ದಾಟಲಾರದ ಹೊಳೆ: ಸಣ್ಣ ರಾಜ್ಯವೊಂದಕ್ಕೆ ಬೇಕಾದದ್ದೆಲ್ಲ ಇಲ್ಲಿತ್ತು.

ಆದರೆ ಈ ಸೀಮೆ ಮೊದಲಿನಿಂದಲೂ ಅಂಚಿನದಾಗಿರಲಿಲ್ಲ. ಶಹಾಪುರ ತಾಲ್ಲೂಕಿನ ಶಿರವಾಳದ ಹಳೆಯ ಕಲ್ಲುಗುಡಿಗಳನ್ನು ನೋಡಿದವರಿಗೆ ಇದು ತಿಳಿಯುತ್ತದೆ. ರಾಷ್ಟ್ರಕೂಟರ, ಕಲ್ಯಾಣ ಚಾಲುಕ್ಯರ ಕಾಲದ ಕೆಲಸ ಅದು. ಆಗ ಅಧಿಕಾರದ ನಡು ಇಲ್ಲಿಗೆ ದೂರವಿರಲಿಲ್ಲ. ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಈಗಿನ ಮಳಖೇಡ, ಭೀಮೆಯ ಆಚೆ ಕಾಗಿಣಾ ದಂಡೆಯ ಮೇಲಿದೆ. ಚಾಲುಕ್ಯರ ಕಲ್ಯಾಣ ಅಲ್ಲಿಂದ ಇನ್ನೂ ಉತ್ತರಕ್ಕೆ. ಒಂದೇ ಊರಿನಲ್ಲಿ ಅಷ್ಟು ಗುಡಿಗಳು ಏಳಬೇಕಾದರೆ ದಾನ ಕೊಡುವವರು, ಕಲ್ಲುಕುಟಿಗರು, ವರ್ತಕರು ಎಲ್ಲರೂ ಇಲ್ಲಿ ನೆಲೆನಿಂತಿದ್ದರೆಂದೇ ಅರ್ಥ.

1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ಅದರ ರಾಜಧಾನಿಯಾದ ಮೇಲೆ ಚಿತ್ರ ಬದಲಾಯಿತು. ಕೃಷ್ಣೆಯ ದಕ್ಷಿಣಕ್ಕೆ ವಿಜಯನಗರ, ಉತ್ತರಕ್ಕೆ ಸುಲ್ತಾನರು. ರಾಯಚೂರಿನ ಸುತ್ತಲಿನ ಫಲವತ್ತಾದ ನೆಲಕ್ಕಾಗಿ ಇವರಿಬ್ಬರೂ ತಲೆಮಾರುಗಟ್ಟಲೆ ಹೊಡೆದಾಡಿದರು. ದಂಡು ಹೋಗುವ ಹಾದಿ, ದಂಡು ಬರುವ ಹಾದಿ ಎರಡೂ ಈ ಸೀಮೆಯಾಯಿತು. ಬಹಮನಿ ಒಡೆದು ಬಿಜಾಪುರ ಸ್ವತಂತ್ರವಾದಾಗ ಸಗರ, ಗೋಗಿ ಊರುಗಳು ಆದಿಲ್‌ಶಾಹಿಗಳಿಗೆ ಸೇರಿದವು. ಆ ವಂಶದ ಮೊದಲ ಸುಲ್ತಾನ ಯೂಸುಫ್, ಅವನ ಮಗ ಇಸ್ಮಾಯಿಲ್ ಇವರ ಗೋರಿಗಳು ಇರುವುದು ಬಿಜಾಪುರದಲ್ಲಲ್ಲ, ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಸೂಫಿ ಸಂತನೊಬ್ಬನ ದರ್ಗಾದ ಮಗ್ಗುಲಲ್ಲಿ. ವಿಜಯನಗರವನ್ನು ಮುರಿದ 1565ರ ಯುದ್ಧಕ್ಕೆ ಹೆಸರು ಕೊಟ್ಟ ತಾಳಿಕೋಟೆಯೂ ಇಲ್ಲಿಗೆ ನೆರೆಯ ಊರೇ.

ಕಾವಲಿನಿಂದ ನಾಯಕತನಕ್ಕೆ

ಗಡಿನಾಡಿಗೆ ಕಾವಲು ಬೇಕು. ಆ ಕೆಲಸಕ್ಕೆ ಬೇಡರನ್ನು ಮೀರಿಸುವವರು ಇರಲಿಲ್ಲ. ಕಾಡು-ಗುಡ್ಡಗಳ ಪರಿಚಯ, ಗುರಿ, ರಾತ್ರಿಯ ನಡಿಗೆ, ಕುಲದ ಕಟ್ಟಿಗೆ ತಪ್ಪದ ನಿಷ್ಠೆ ಅವರ ಬಲ. ಹಳ್ಳಿಯಲ್ಲಿ ತಳವಾರಿಕೆ, ಕೋಟೆಯಲ್ಲಿ ಪಹರೆ, ದಂಡಿನಲ್ಲಿ ಕಾಲಾಳು, ಹೀಗೆ ಮೇಲೇರಿದ ಬೇಡ ಮನೆತನಗಳಲ್ಲಿ ಕೆಲವು ವಿಜಯನಗರದ ಕಾಲದಲ್ಲೇ ನಾಯಕತನ ಪಡೆದಿದ್ದವು. ಆ ಸಾಮ್ರಾಜ್ಯ ಸಡಿಲಗೊಂಡಂತೆ ಚಿತ್ರದುರ್ಗ, ಹರಪನಹಳ್ಳಿಯ ಕಡೆ ಬೇಡ ಪಾಳೆಯಗಾರರು ಬೆಳೆದರು. ಕೃಷ್ಣೆಯ ಉತ್ತರದಲ್ಲಿ ಅದೇ ಕೆಲಸ ಬಿಜಾಪುರದ ನೆರಳಿನಲ್ಲಿ ನಡೆಯಿತು.

ಬೇಡರಿಗೆ ಸಿಗುತ್ತಿದ್ದ ಸಂಬಳದ ಸ್ವರೂಪವನ್ನು ತಿಳಿದರೆ ಮುಂದಿನ ಕಥೆ ಅರ್ಧ ತಿಳಿದಂತೆ. ರಾಜಧಾನಿಯ ಖಜಾನೆಯಿಂದ ತಿಂಗಳ ರೊಕ್ಕ ಎಣಿಸಿಕೊಳ್ಳುವ ಸಿಪಾಯಿ ಒಂದು ಬಗೆ. ಸೇವೆಗಾಗಿ ಉಂಬಳಿ ಹೊಲ ಉಳುತ್ತ, ಕರೆ ಬಂದಾಗ ಬಂದೂಕು ಹಿಡಿದು ಹೊರಡುವವನು ಇನ್ನೊಂದು ಬಗೆ. ಖಜಾನೆ ಬರಿದಾದ ದಿನ ಮೊದಲನೆಯವನು ದಂಡು ಬಿಡುತ್ತಾನೆ. ಎರಡನೆಯವನ ಹೊಲ, ಅವನ ಕುಲ, ಅವನ ನಾಯಕ ಎಲ್ಲವೂ ಅಲ್ಲೇ ಇರುತ್ತವೆ. ತೆರಿಗೆ ಎತ್ತುವ ಹಕ್ಕು, ಕಾದಾಡುವ ಜನ, ಇವೆರಡೂ ಒಂದೇ ಮನೆಯಲ್ಲಿ ಕೂಡಿದಲ್ಲಿ ರಾಜ್ಯಕ್ಕೆ ಬೇಕಾದ ಅಡಿಪಾಯ ಸದ್ದಿಲ್ಲದೆ ಬಿದ್ದಿರುತ್ತದೆ. ಮೇಲಿನ ಅರಸ ಗಟ್ಟಿಯಿರುವವರೆಗೆ ಅದು ಚಾಕರಿಯಂತೆ ಕಾಣುತ್ತದೆ, ಅಷ್ಟೇ.

ಗೋಸಲ ಮನೆತನದ ಮೊದಲ ನೆಲೆ ಸಗರ. ಈ ಇಡೀ ಪ್ರದೇಶವನ್ನು ಜನ ಇಂದಿಗೂ ಸಗರನಾಡು ಎಂದೇ ಕರೆಯುತ್ತಾರೆ. ಈ ಅರಸರ ಬಿರುದುಗಳಲ್ಲಿ ಬರುವ 'ಬಹರಿ', 'ಬಹಾದ್ದೂರ್' ಪದಗಳು ಅವರು ಬೆಳೆದ ದರ್ಬಾರಿನ ಭಾಷೆ ಯಾವುದಾಗಿತ್ತೆಂದು ಹೇಳುತ್ತವೆ. ಮನೆದೇವರು ವೇಣುಗೋಪಾಲ, ಬಿರುದು ಪಾರಸಿ, ಆಡುಮಾತು ಕನ್ನಡ. ಆ ಕಾಲದ ದಖ್ಖನಿನಲ್ಲಿ ಇದರಲ್ಲಿ ಯಾರಿಗೂ ವಿಚಿತ್ರ ಕಂಡಿರಲಿಲ್ಲ.

ಬಿಜಾಪುರದ ಇಳಿಗಾಲ

1656ರಲ್ಲಿ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡ ಮೇಲೆ ಬಿಜಾಪುರಕ್ಕೆ ನೆಮ್ಮದಿಯಿರಲಿಲ್ಲ. ಒಂದು ಕಡೆ ಮೊಘಲರ ಒತ್ತಡ, ಇನ್ನೊಂದು ಕಡೆ ಶಿವಾಜಿಯ ಏಳಿಗೆ. 1672ರಲ್ಲಿ ಎರಡನೆಯ ಅಲಿ ಆದಿಲ್‌ಶಾಹ ತೀರಿದಾಗ ಪಟ್ಟಕ್ಕೆ ಬಂದ ಸಿಕಂದರ್ ಇನ್ನೂ ಎಳೆಯ ಮಗು. ದಖ್ಖನಿ ಸರದಾರರೂ ಅಫ್ಘಾನ್ ಸರದಾರರೂ ಅಧಿಕಾರಕ್ಕಾಗಿ ಕಚ್ಚಾಡತೊಡಗಿದರು. ರಾಜಧಾನಿಯ ಆಜ್ಞೆ ಕೋಟೆಗೋಡೆ ದಾಟುವುದೇ ಕಷ್ಟವಾಯಿತು.

ಸಗರದ ಪಾಮನಾಯಕ ಇದನ್ನು ನೋಡುತ್ತಿದ್ದ. ಅವನು ಬಿಜಾಪುರಕ್ಕೆ ತಿರುಗಿಬೀಳಲಿಲ್ಲ. ಅದಕ್ಕೆ ಆಸರೆಯಾಗುತ್ತಲೇ ತನ್ನ ತೂಕ ಹೆಚ್ಚಿಸಿಕೊಂಡ. 1680ರಲ್ಲಿ ಮೊಘಲ್ ಸರದಾರ ದಿಲೇರ್ ಖಾನ್ ಗೋಗಿಯ ಕಡೆ ಬೇಡರ ಸೀಮೆಗೆ ನುಗ್ಗಿ, ಅವರ ಬಂದೂಕುಗಳ ಎದುರು ಭಾರಿ ಸಾವುನೋವು ಅನುಭವಿಸಿ ಹಿಂದೆ ಸರಿದ. ಬಯಲಿನಲ್ಲಿ ಯಾರನ್ನೂ ಲೆಕ್ಕಿಸದ ಮೊಘಲ್ ಕುದುರೆದಂಡಿಗೆ ಗುಡ್ಡದ ಬಂಡೆಗಳ ಮರೆಯಿಂದ ಗುರಿಯಿಟ್ಟು ಹೊಡೆಯುವವರ ಎದುರು ಉಪಾಯ ತೋಚಲಿಲ್ಲ. 1685-86ರಲ್ಲಿ ಬಿಜಾಪುರಕ್ಕೆ ಮೊಘಲರು ಮುತ್ತಿಗೆ ಹಾಕಿದಾಗ ಪಾಮನಾಯಕ ಒಳಗಿನವರಿಗೆ ಕಾಲಾಳುಗಳನ್ನೂ ದವಸಧಾನ್ಯವನ್ನೂ ಕಳಿಸಿದ. ನೆರವು ಸಾಲಲಿಲ್ಲ. 1686ರ ಸೆಪ್ಟೆಂಬರಿನಲ್ಲಿ ಸಿಕಂದರ್ ಶರಣಾದ, ಇನ್ನೂರು ವರ್ಷದ ಹತ್ತಿರ ಬಾಳಿದ ರಾಜ್ಯ ಮುಗಿಯಿತು. ಮರುವರ್ಷ ಗೋಲ್ಕೊಂಡವೂ ಬಿತ್ತು.

ಸಗರದ ಪತನ

ದಖ್ಖನಿನ ಎರಡೂ ಸುಲ್ತಾನಶಾಹಿಗಳನ್ನು ನುಂಗಿದ ಮೊಘಲ್ ದಂಡು 1687ರ ಕೊನೆಗೆ ಸಗರದತ್ತ ತಿರುಗಿತು. ಪಾಮನಾಯಕ ಶರಣಾಗಿ ಬಾದಶಹನ ದರ್ಬಾರಿಗೆ ಹೋದ. ಅಲ್ಲಿ ಹೆಚ್ಚು ದಿನ ಉಳಿಯಲಿಲ್ಲ, 1688ರ ಆರಂಭದಲ್ಲೇ ತೀರಿಕೊಂಡ. ಸಗರಕ್ಕೆ ನುಸ್ರತಾಬಾದ್ ಎಂಬ ಹೊಸ ಹೆಸರು ಬಂತು. ಮೊಘಲ್ ದರ್ಬಾರಿನ ಬರಹಗಾರರು ಈ ಸಂದರ್ಭದಲ್ಲಿ ಪಾಮನಾಯಕನ ಬಣ್ಣವನ್ನೂ ರೂಪವನ್ನೂ ಹಂಗಿಸಿ ಬರೆದರು. ಗೆದ್ದವರ ಸೊಕ್ಕು ಅದು. ಬೇಡರ ಬಗ್ಗೆ ನಮಗೆ ಸಿಗುವ ಸಮಕಾಲೀನ ಬರಹಗಳಲ್ಲಿ ಬಹುಪಾಲು ಇಂಥವರದ್ದೇ ಆದ್ದರಿಂದ ಅವನ್ನು ಓದುವಾಗ ಈ ತಾತ್ಸಾರವನ್ನು ಸೋಸಿ ತೆಗೆಯಬೇಕು. ಅದೇ ಬರಹಗಾರರು ಇನ್ನು ಹದಿನೇಳು ವರ್ಷಕ್ಕೆ ಇದೇ ಜನರ ಗುರಿಕಾರಿಕೆಯನ್ನು ಅಂಜಿಕೆಯಿಂದ ವರ್ಣಿಸಬೇಕಾಯಿತು.

ಸಾಮಾನ್ಯವಾಗಿ ರಾಜಧಾನಿ ಬಿದ್ದರೆ, ಅರಸ ಸತ್ತರೆ ರಾಜ್ಯ ಮುಗಿದಂತೆ. ಇಲ್ಲಿ ಹಾಗಾಗಲಿಲ್ಲ. ಪಾಮನಾಯಕನ ಅಣ್ಣತಮ್ಮಂದಿರ ಸಾಲಿನ ಮಗ, ಅವನು ಉತ್ತರಾಧಿಕಾರಿಯೆಂದು ಆರಿಸಿಕೊಂಡಿದ್ದ ಪಿಡ್ಡನಾಯಕ, ಮೊದಮೊದಲು ಮೊಘಲ್ ಚಾಕರಿ ಒಪ್ಪಿಕೊಂಡ. 1689ರಲ್ಲಿ ರಾಯಚೂರು ಹಿಡಿಯುವಾಗ ಅವರ ಜೊತೆಗಿದ್ದ. ಬಳಿಕ ರಜೆ ಪಡೆದು ವಾಗಣಗೇರಾಕ್ಕೆ ಬಂದವನು ಅಲ್ಲಿ ಕೋಟೆ ಬಲಪಡಿಸಿದ, ಬಂದೂಕಿನ ಜನ ಕೂಡಿಸಿದ, ಸುತ್ತಲಿನ ಹಳ್ಳಿಗಳ ಹುಟ್ಟುವಳಿ ತಾನೇ ಎತ್ತತೊಡಗಿದ. ಮೊಘಲರು ತಡವಾಗಿ ಎಚ್ಚತ್ತರು. 1690ರ ದಶಕದಲ್ಲಿ ಒಬ್ಬರಾದ ಮೇಲೊಬ್ಬರಂತೆ ಸರದಾರರು ಬಂದರು. ರೂಹುಲ್ಲಾ ಖಾನನ ದಂಡಿಗೆ ಪೆಟ್ಟು ಬಿತ್ತು. ಫಿರೋಜ್ ಜಂಗ್ ಬಂದಾಗ ಪಿಡ್ಡನಾಯಕ ಬಗ್ಗಿದ, ಕಪ್ಪ ಕೊಡುವ ಮಾತು ಕೊಟ್ಟ, ದಂಡು ಮರೆಯಾದೊಡನೆ ಮತ್ತೆ ಎದ್ದ.

ಅವನು ಹೇಡಿಯೆಂದೋ ಮಾತಿಗೆ ತಪ್ಪುವವನೆಂದೋ ಮೊಘಲ್ ಬರಹಗಳು ಹೇಳುತ್ತವೆ. ನನಗೆ ಇದರಲ್ಲಿ ಕಾಣುವುದು ಲೆಕ್ಕಾಚಾರ. ಕಪ್ಪ ಕೊಟ್ಟರೆ ಹೋಗುವುದು ರೊಕ್ಕ, ಅದನ್ನು ಮುಂದಿನ ಸುಗ್ಗಿಯಲ್ಲಿ ಎತ್ತಬಹುದು. ಜನ ಸತ್ತರೆ ಇನ್ನೊಂದು ತಲೆಮಾರು ಕಾಯಬೇಕು.

ವಾಗಣಗೇರಾ ಮುತ್ತಿಗೆ

1705ರ ಫೆಬ್ರುವರಿಯಲ್ಲಿ ಔರಂಗಜೇಬ ತಾನೇ ಬಂದು ವಾಗಣಗೇರಾದ ಮುಂದೆ ಡೇರೆ ಹೊಡೆದ. ಆಗ ಅವನಿಗೆ 86 ವರ್ಷ. ದಖ್ಖನಿಗೆ ಬಂದು ಕಾಲು ಶತಮಾನದ ಹತ್ತಿರ ಆಗಿತ್ತು. ಸಿಂಹಾಸನವಿದ್ದ ಉತ್ತರಕ್ಕೆ ಒಮ್ಮೆಯೂ ಹಿಂದಿರುಗಿರಲಿಲ್ಲ. ಮರಾಠರ ಕೋಟೆಗಳನ್ನು ಒಂದೊಂದಾಗಿ ಹಿಡಿಯುತ್ತಿದ್ದ, ಹಿಡಿದವು ಒಂದೊಂದಾಗಿ ಕೈಬಿಟ್ಟು ಹೋಗುತ್ತಿದ್ದವು. ಸಿಪಾಯಿಗಳ ಸಂಬಳ ಬಾಕಿ, ಸರದಾರರಿಗೆ ಹಂಚಲು ಜಾಗೀರಿಲ್ಲ. ಇಂಥ ಹೊತ್ತಿನಲ್ಲಿ ಹಿಂದೂಸ್ಥಾನದ ಬಾದಶಹ ಬೇಡ ನಾಯಕನೊಬ್ಬನ ಗುಡ್ಡದ ಮುಂದೆ ಬಂದು ಕೂತದ್ದೇ ಪಿಡ್ಡನಾಯಕನ ಬಲಕ್ಕೆ ದೊಡ್ಡ ಪ್ರಮಾಣಪತ್ರ.

ಗುಡ್ಡದ ಮೇಲೆ ಕೋಟೆ, ಕೆಳಗೆ ಮಣ್ಣಿನ ಗೋಡೆಯ ತಳವಾರಗೇರಾ, ಸುತ್ತ ಸಣ್ಣ ದಿನ್ನೆಗಳು. ಕೋಟೆಯೊಳಗೆ ಸಾವಿರಗಟ್ಟಲೆ ಬಂದೂಕಿನವರು. ಮೊಘಲರು ಇವರನ್ನು ಕಾಲಾ ಪ್ಯಾದೆ, ಕರಿಯ ಕಾಲಾಳುಗಳೆಂದು ಕರೆಯುತ್ತಿದ್ದರು. ಮೊದಲ ವಾರಗಳಲ್ಲೇ ಮೊಘಲರು ಕೋಟೆಗೆ ಎದುರಾದ ಕೆಂಪು ದಿನ್ನೆಯೊಂದನ್ನು ಹಿಡಿದರು. ಲಾಲ್ ಟೀಕರಿ ಎಂದು ಅದರ ಹೆಸರು ಅವರ ಬರಹಗಳಲ್ಲಿದೆ. ಬೇಡರು ಗುಂಪುಗುಂಪಾಗಿ ಏರಿಬಂದು ಗುಂಡಿನ ಮಳೆಗರೆದು ದಿನ್ನೆಯನ್ನು ಮರಳಿ ಕಸಿದುಕೊಂಡರು. ಬಾದಶಹನ ದಂಡಿಗೆ ಇದು ಮುಖಭಂಗ.

ಕೋಟೆಯೊಳಗೆ ಮರಾಠ ಸರದಾರರ ಹೆಂಡಿರು ಮಕ್ಕಳೂ ಇದ್ದರು. ಸುರಕ್ಷಿತ ಜಾಗವೆಂದು ಅವರನ್ನು ಪಿಡ್ಡನಾಯಕನ ಬಳಿ ಬಿಟ್ಟಿದ್ದರು. ಹೀಗಾಗಿ ಮಾರ್ಚಿನಲ್ಲಿ ಧನಾಜಿ ಜಾಧವ, ಹಿಂದೂರಾವ್ ಘೋರ್ಪಡೆ ಇಬ್ಬರೂ ಕುದುರೆದಂಡಿನೊಡನೆ ಓಡಿಬಂದರು. ಒಂದು ಪಡೆ ಮೊಘಲರನ್ನು ಮುಂದಿನಿಂದ ಕೆಣಕುತ್ತಿದ್ದರೆ ಇನ್ನೊಂದು ಕೋಟೆಯ ಹಿಂಬದಿಯಿಂದ ತಮ್ಮ ಸಂಸಾರಗಳನ್ನು ಹೊರಗೆ ಸಾಗಿಸಿತು. ಆಮೇಲೂ ನೆರವಿಗೆ ನಿಲ್ಲಲು ಪಿಡ್ಡನಾಯಕ ಅವರಿಗೆ ದಿನದ ಲೆಕ್ಕದಲ್ಲಿ ಹಣ ಕೊಟ್ಟ. ಮರಾಠರೂ ಬೇಡರೂ ಸಿದ್ಧಾಂತದ ಗೆಳೆಯರಾಗಿರಲಿಲ್ಲ. ಇಬ್ಬರಿಗೂ ಎದುರಾಳಿ ಒಬ್ಬನೇ, ಆ ಹೊತ್ತಿಗೆ ಅಷ್ಟು ಸಾಕಿತ್ತು.

ನಡುವೆ ಸಂಧಾನದ ಆಟವೂ ನಡೆಯಿತು. ಅಬ್ದುಲ್ ಗನಿ ಎಂಬ ಕಾಶ್ಮೀರಿ ವ್ಯಾಪಾರಿ ಕೋಟೆಯಿಂದ ಶರಣಾಗತಿಯ ಮಾತು ಹೊತ್ತು ತಂದ. ನಾಯಕನ ತಮ್ಮ ಸೋಮಶಂಕರ ಮೊಘಲ್ ಡೇರೆಗೆ ಬಂದ. ಬಾದಶಹನ ಪರವಾಗಿ ಒಬ್ಬ ಸರದಾರ ಹೆಸರಿಗೆ ಕಿಲ್ಲೇದಾರನಾಗಿ ಕೋಟೆಯೊಳಗೆ ಹೋದ. ಪಿಡ್ಡನಾಯಕನಿಗೆ ಹುಚ್ಚು ಹಿಡಿದಿದೆ, ಅವನು ಮರಾಠರ ಜೊತೆ ಓಡಿಹೋದ ಎಂದು ಸುದ್ದಿ ಹುಟ್ಟಿತು. ಅವನ ತಾಯಿಯ ಅರ್ಜಿಯೂ ಬಂತು. ಒಳಗೆ ಹೋದ ಸರದಾರ ಸೆರೆಯಾಳಾಗಿದ್ದಾನೆ, ನಾಯಕ ಎಲ್ಲಿಗೂ ಹೋಗಿಲ್ಲ, ಇದೆಲ್ಲ ಮರಾಠರು ಬರುವವರೆಗೆ ಕಾಲ ತಳ್ಳುವ ತಂತ್ರ ಎಂದು ಬಾದಶಹನಿಗೆ ಅರಿವಾಗುವಷ್ಟರಲ್ಲಿ ದಿನಗಳು ಕಳೆದಿದ್ದವು.

ಕೊನೆಗೆ ದೂರದ ದಂಡುಗಳನ್ನು ಕರೆಸಿಕೊಳ್ಳಬೇಕಾಯಿತು. ಜಿಂಜಿಯನ್ನು ಗೆದ್ದ ನುಸ್ರತ್ ಜಂಗ್ ಜುಲ್ಫಿಕರ್ ಖಾನ್, ದಾವೂದ್ ಖಾನ್, ಬುಂದೇಲ ದಳಪತರಾವ್ ಬಂದರು. ನುಸ್ರತ್ ಜಂಗ್ ಬೇಡರಿಗೆ ನೀರುಣಿಸುತ್ತಿದ್ದ ಬಾವಿಗಳನ್ನು ಹಿಡಿದ. ಅಲ್ಲಿಗೆ ಮುತ್ತಿಗೆಯ ಹಣೆಬರಹ ತೀರ್ಮಾನವಾಯಿತು. ಏಪ್ರಿಲ್ 27ರಂದು ಮೊಘಲರು ತಳವಾರಗೇರಾ ಹೊಕ್ಕರು. ಆ ರಾತ್ರಿ ಪಿಡ್ಡನಾಯಕ ಮರಾಠ ಗೆಳೆಯರೊಡನೆ ಕೋಟೆ ಬಿಟ್ಟು ಜಾರಿಹೋದ. ಒಳಗೆ ಹೋದವರಿಗೆ ಸಿಕ್ಕಿದ್ದು ಬೆಂಕಿ ಹತ್ತಿದ ಗುಡಿಸಲುಗಳು. ಮೂರು ತಿಂಗಳ ಹತ್ತಿರದ ಹೋರಾಟಕ್ಕೆ ಬಾದಶಹನಿಗೆ ದಕ್ಕಿದ್ದು ಬರಿದಾದ ಗುಡ್ಡ. ಅದಕ್ಕೆ ರಹಮಾನ್ ಬಕ್ಷ್ ಖೇಡಾ ಎಂದು ಹೆಸರಿಟ್ಟರು. ಆ ಹೆಸರು ಜನರ ಬಾಯಿಗೆ ಹತ್ತಲಿಲ್ಲ. ಇಂದಿಗೂ ಊರು ವಾಗಣಗೇರಾವೇ.

ಗೆದ್ದವರು ಹೋದ ಮೇಲೆ

ಮುತ್ತಿಗೆ ಮುಗಿಸಿದ ಔರಂಗಜೇಬ ಕೃಷ್ಣೆಯ ಕಡೆ ಸರಿದು ದೇವಾಪುರದಲ್ಲಿ ತಂಗಿದ. ಅಲ್ಲಿ ಜೋರಾಗಿ ಕಾಯಿಲೆ ಬಿದ್ದ. ಮೂರ್ಛೆ ಹೋಗುವಷ್ಟು ನರಳಿದ. ಬಾದಶಹ ಸತ್ತರೆ ಶತ್ರುವಿನ ನಡುವೆ ತಮ್ಮ ಗತಿಯೇನೆಂದು ಇಡೀ ದಂಡು ಹೆದರಿತು. ಚೇತರಿಸಿಕೊಂಡು ಅಕ್ಟೋಬರಿನಲ್ಲಿ ಹೊರಟವನು 1706ರ ಆರಂಭಕ್ಕೆ ಅಹಮದ್‌ನಗರ ಸೇರಿದ. 1707ರಲ್ಲಿ ಅಲ್ಲಿಯೇ ತೀರಿಕೊಂಡ. ವಾಗಣಗೇರಾದ ನಂತರ ಅವನು ಇನ್ನೊಂದು ಕೋಟೆಗೆ ಮುತ್ತಿಗೆ ಹಾಕಲಿಲ್ಲ.

ಅವನ ಮಕ್ಕಳು ಸಿಂಹಾಸನಕ್ಕೆ ಬಡಿದಾಡಿದರು. ಬಿಜಾಪುರ, ಹೈದರಾಬಾದ್ ಸುಬೆಗಳು ಕಿರಿಯ ಮಗ ಕಾಮ್‌ಬಕ್ಷನ ಪಾಲಾಗಿದ್ದವು. 1709ರ ಆರಂಭದಲ್ಲಿ ಅವನೂ ಅಣ್ಣನ ದಂಡಿನ ಎದುರು ಮಡಿದ. ದಖ್ಖನಿನ ಮೊಘಲ್ ಆಡಳಿತ ಹೆಸರಿಗೆ ಉಳಿಯಿತು. ಹಳ್ಳಿಗೆ ಬಂದು ಕಂದಾಯ ಎತ್ತುವ ಕೈ ಯಾರದೆಂಬ ಪ್ರಶ್ನೆಗೆ ದೆಹಲಿಯಲ್ಲಿ ಉತ್ತರವಿರಲಿಲ್ಲ. ಸಗರನಾಡಿನಲ್ಲಿ ಉತ್ತರ ಸಿದ್ಧವಾಗಿತ್ತು. ಪಿಡ್ಡನಾಯಕ ಮರಳಿ ಬಂದ. ಅವನ ಜನ ಎಲ್ಲಿಗೂ ಹೋಗಿರಲಿಲ್ಲ. ಹೊಸದಾಗಿ ಯಾರನ್ನೂ ಗೆಲ್ಲಬೇಕಾಗಿರಲಿಲ್ಲ, ಮೇಲಿನ ಭಾರ ಇಳಿದಿತ್ತು, ಅಷ್ಟೇ.

ಇನ್ನೊಂದು ಸಂಗತಿ ಗಮನಿಸಬೇಕು. ವಾಗಣಗೇರಾಕ್ಕೆ ಹಿಂದೆ ದಂಡು ತಂದಿದ್ದ ಫಿರೋಜ್ ಜಂಗನ ಮಗ ಚಿನ್ ಕಿಲಿಚ್ ಖಾನ್ 1705ರ ಮುತ್ತಿಗೆಯಲ್ಲಿ ಹೋರಾಡಿ ಬಡ್ತಿ ಪಡೆದ. ಮುಂದೆ ನಿಜಾಮ್-ಉಲ್-ಮುಲ್ಕ್ ಎನಿಸಿಕೊಂಡು 1724ರಲ್ಲಿ ಶಕ್ಕರ್‌ಖೇಡಾ ಕಾಳಗ ಗೆದ್ದು ಹೈದರಾಬಾದ್ ಸಂಸ್ಥಾನಕ್ಕೆ ಬುನಾದಿ ಹಾಕಿದವನು ಅವನೇ. ಗುಡ್ಡದ ಒಳಗಿದ್ದ ನಾಯಕನೂ ಹೊರಗಿದ್ದ ಸರದಾರನೂ ಒಂದೇ ಸಾಮ್ರಾಜ್ಯದ ಒಡಕಿನಲ್ಲಿ ತಂತಮ್ಮ ರಾಜ್ಯ ಕಟ್ಟಿಕೊಂಡರು. ಒಬ್ಬನಿಗೆ ಸುಬೇದಾರಿಯ ಸನದು ಇತ್ತು, ಇನ್ನೊಬ್ಬನಿಗೆ ನೆಲದ ಜನ ಇದ್ದರು.

ಹೊಸ ರಾಜಧಾನಿ

ವಾಗಣಗೇರಾ ಸುಟ್ಟ ಬಳಿಕ ಪಿಡ್ಡನಾಯಕ, ಜನ ಹೇಳುವಂತೆ ಪೀತಾಂಬರ ಬಹರಿ ಪಿಡ್ಡನಾಯಕ, ಸಮೀಪದ ಗುಡ್ಡಗಳ ಮಡಿಲಲ್ಲಿ ಸುರಪುರವನ್ನು ರಾಜಧಾನಿಯಾಗಿ ಕಟ್ಟಿದ. ನಾಲ್ಕೂ ಕಡೆ ಬಂಡೆಗುಡ್ಡ, ನಡುವೆ ಪೇಟೆ, ಮೇಲೆ ಅರಮನೆ. ವೇಣುಗೋಪಾಲಸ್ವಾಮಿಯ ಗುಡಿ ಎದ್ದಿತು. ಗೋಕುಲಾಷ್ಟಮಿಯ ಜಾತ್ರೆಯಲ್ಲಿ ಅಲ್ಲಿ ಹಾಲೋಕುಳಿ ನಡೆಯುತ್ತದೆ, ಎತ್ತರದ ನುಣುಪು ಕಂಬಗಳನ್ನು ನೀರೆರಚಾಟದ ನಡುವೆ ಗಂಡಾಳುಗಳು ಏರುತ್ತಾರೆ. ಅರಸೊತ್ತಿಗೆ ಹೋಗಿ ಒಂದೂವರೆ ಶತಮಾನ ದಾಟಿದರೂ ಆ ಕಂಬಾರೋಹಣ ನಿಂತಿಲ್ಲ.

ಕಾದಾಟದ ಮನೆತನವೊಂದು ಅರಸು ಮನೆತನವಾಗುವುದು ಇಂಥ ಕೆಲಸಗಳಿಂದ. ಸುರಪುರದ ಅರಸರು ಶ್ರೀವೈಷ್ಣವ ಗುರುಗಳನ್ನು ಬರಮಾಡಿಕೊಂಡರು. ಬುಕ್ಕಪಟ್ಟಣದ ಆಚಾರ್ಯ ಮನೆತನದ ಪಂಡಿತರು ಇಲ್ಲಿ ನೆಲೆಸಿ ಸಂಸ್ಕೃತದಲ್ಲಿ ಗ್ರಂಥ ರಚಿಸಿದರು. ದಾಸಸಾಹಿತ್ಯದಲ್ಲಿ 'ಕಮಲೇಶವಿಠಲ' ಅಂಕಿತದ ಸುರಪುರದ ಆನಂದದಾಸರ ಹೆಸರು ದೊಡ್ಡದು. ಚಿತ್ರಕಲೆಯಲ್ಲಂತೂ ಸುರಪುರಕ್ಕೆ ತನ್ನದೇ ಶೈಲಿ. ಗರುಡಾದ್ರಿ ಮನೆತನದ ಕಲಾವಿದರು ಕಾಗದದ ಮೇಲೆ ಬರೆದ ಕಿರುಚಿತ್ರಗಳಲ್ಲಿ ದೇವರು, ದರ್ಬಾರು, ಅರಸರ ಮುಖ ಎಲ್ಲ ಸಿಗುತ್ತವೆ. ಕರ್ನಾಟಕದ ಚಿತ್ರಕಲೆಯೆಂದರೆ ಮೈಸೂರು ಶೈಲಿಯೊಂದೇ ಎಂದುಕೊಂಡವರು ಇವನ್ನು ಒಮ್ಮೆ ನೋಡಬೇಕು.

ನೀರಿನ ಕೆಲಸವೂ ನಡೆಯಿತು. ಬೋನಾಳದ ದೊಡ್ಡ ಕೆರೆ ಈ ಅರಸರ ಕಾಲದ್ದು. ಮುಂದೆ ಅದನ್ನು ಇಂಗ್ಲಿಷ್ ಅಧಿಕಾರಿಯೊಬ್ಬ ವಿಸ್ತರಿಸಿದ. ಈಗ ಅದು ಪಕ್ಷಿಧಾಮ. ಮಳೆ ಕಡಿಮೆಯ ಈ ಸೀಮೆಯಲ್ಲಿ ಕೆರೆ ಕಟ್ಟಿಸಿದ ಅರಸನಿಗೆ ಕೋಟೆ ಕಟ್ಟಿಸಿದ ಅರಸನಷ್ಟೇ ಹೆಸರು ಸಲ್ಲಬೇಕು.

ಎರಡು ಕಡೆ ಕಪ್ಪ

1719ರಲ್ಲಿ ದೆಹಲಿ ದರ್ಬಾರು ದಖ್ಖನಿನ ಆರು ಸುಬೆಗಳಲ್ಲಿ ಚೌಥ, ಸರದೇಶಮುಖಿ ಎಂಬ ಕಂದಾಯದ ಪಾಲುಗಳನ್ನು ಎತ್ತುವ ಹಕ್ಕನ್ನು ಮರಾಠರಿಗೆ ಬರೆದುಕೊಟ್ಟಿತು. ಅದೇ ಸುಬೆಗಳು ಕೆಲವೇ ವರ್ಷದಲ್ಲಿ ನಿಜಾಮನ ಕೈಸೇರಿದವು. ಇದರಿಂದ ಸುರಪುರಕ್ಕೆ ಇಬ್ಬರು ಒಡೆಯರಾದರು. ಇಬ್ಬರಿಗೂ ಕಪ್ಪ ಕಟ್ಟಬೇಕು. ಹೊರೆ ಹೌದು, ಆದರೆ ರಕ್ಷಣೆಯೂ ಅದರಲ್ಲೇ ಇತ್ತು. ನಿಜಾಮ ಪೂರ್ತಿ ನುಂಗಲು ಬಂದರೆ ಪೇಶ್ವೆ ಒಪ್ಪುವುದಿಲ್ಲ, ಪೇಶ್ವೆ ಬಂದರೆ ನಿಜಾಮ ಬಿಡುವುದಿಲ್ಲ. ಹದಿನೆಂಟನೆಯ ಶತಮಾನದುದ್ದಕ್ಕೂ ಸುರಪುರ ಉಳಿದದ್ದು ಈ ಇಕ್ಕಟ್ಟಿನ ನಡುವಿನ ಜಾಗದಲ್ಲಿ. ಕೆಳದಿಯನ್ನು 1763ರಲ್ಲಿ, ಚಿತ್ರದುರ್ಗವನ್ನು 1779ರಲ್ಲಿ ಹೈದರಾಲಿ ಮುಗಿಸಿದ. ಅಲ್ಲಿ ಅವನನ್ನು ತಡೆದು ನಿಲ್ಲಿಸುವ ಎರಡನೆಯ ಶಕ್ತಿ ಹೊತ್ತಿಗೆ ಒದಗಲಿಲ್ಲ. ಸುರಪುರದ ಅದೃಷ್ಟ ಬೇರೆ.

ಈ ಸಮತೋಲನ ಕೆಟ್ಟದ್ದು ಇಂಗ್ಲಿಷರಿಂದ. 1800ರ ಅಕ್ಟೋಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯೂ ನಿಜಾಮನೂ ಮಾಡಿಕೊಂಡ ಒಪ್ಪಂದದಲ್ಲಿ ಸುರಪುರದ ಹೆಸರೇ ಇದೆ: ಸುರಪುರ, ಗದ್ವಾಲದ ಜಮೀನ್ದಾರರು ಸಲ್ಲಬೇಕಾದ್ದನ್ನು ತಡೆಹಿಡಿದರೆ ಕಂಪನಿಯ ದಂಡು ನಿಜಾಮನಿಗೆ ನೆರವಾಗಬೇಕೆಂದು. ಅರಸರೆಂದು ತಮ್ಮನ್ನು ಕಂಡುಕೊಂಡವರು ಆ ಕಾಗದದಲ್ಲಿ ಜಮೀನ್ದಾರರು. 1818ರಲ್ಲಿ ಪೇಶ್ವೆಯ ರಾಜ್ಯ ಅಳಿಯಿತು. ಇನ್ನು ಒಬ್ಬನನ್ನು ತೋರಿಸಿ ಇನ್ನೊಬ್ಬನನ್ನು ತಡೆಯುವ ದಾರಿಯಿರಲಿಲ್ಲ. ಪಟ್ಟಕ್ಕೆ ಬರುವ ಅರಸನಿಂದ ಹೈದರಾಬಾದ್ ದರ್ಬಾರು ಲಕ್ಷಗಟ್ಟಲೆ ನಜರಾಣ ಕೇಳತೊಡಗಿತು. ಕೃಷ್ಣಪ್ಪ ನಾಯಕನ ಕಾಲಕ್ಕೆ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು.

ಟೇಲರ್ ಮತ್ತು ಎಳೆಯ ಅರಸ

ಕೃಷ್ಣಪ್ಪ ನಾಯಕ ತೀರಿದಾಗ ಮಗ ವೆಂಕಟಪ್ಪ ಇನ್ನೂ ಚಿಕ್ಕವನು. 1840ರ ದಶಕದ ಆರಂಭದಿಂದ 1853ರವರೆಗೆ ಆಡಳಿತ ನೋಡಿಕೊಂಡವನು ಕಂಪನಿಯ ಪರವಾಗಿ ಬಂದ ಫಿಲಿಪ್ ಮೆಡೋಸ್ ಟೇಲರ್. 1839ರಲ್ಲೇ ಠಗ್ಗರ ಕುರಿತ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರಾಗಿದ್ದವನು. ಸಾಲದ ಲೆಕ್ಕ ಸರಿಪಡಿಸಿದ, ಬೋನಾಳ ಕೆರೆಯ ಕೆಲಸ ಮಾಡಿಸಿದ, ರಾಜನಕೋಳೂರು ಮೊದಲಾದ ಕಡೆಯ ಬೃಹತ್ ಶಿಲಾಸಮಾಧಿಗಳನ್ನು ಅಳತೆ ಮಾಡಿ ಬರೆದಿಟ್ಟ. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ ಟೇಲರ್ ಮಂಜಿಲ್ ಇನ್ನೂ ಇದೆ. ಎಳ ಅರಸ ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನಂತೆ, ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಟೇಲರನ ಒಳ್ಳೆಯತನದಲ್ಲಿ ಅನುಮಾನ ಬೇಡ. ಆದರೆ ಅವನು ಬಂದದ್ದು ಕಂಪನಿಯ ನೆರಳಾಗಿ. ಕಪ್ಪ ಕೊಟ್ಟು ಗುಡ್ಡ ಉಳಿಸಿಕೊಳ್ಳುವ ಹಳೆಯ ವಿದ್ಯೆ ಆ ನೆರಳಿನಲ್ಲಿ ನಡೆಯುವಂತಿರಲಿಲ್ಲ, ಏಕೆಂದರೆ ಕಂಪನಿ ದಂಡು ತಂದು ಹಿಂದಿರುಗುವ ಬಗೆಯದಲ್ಲ, ಬಂದು ಕೂತು ಲೆಕ್ಕ ಕೇಳುವ ಬಗೆಯದು.

1858 ಮತ್ತು ಆಮೇಲೆ

1853ರಲ್ಲಿ ನಾಲ್ವಡಿ ವೆಂಕಟಪ್ಪ ನಾಯಕ ಆಡಳಿತ ವಹಿಸಿಕೊಂಡ. 1857ರಲ್ಲಿ ಉತ್ತರದಲ್ಲಿ ಸಿಪಾಯಿಗಳು ಎದ್ದ ಸುದ್ದಿ ಬಂದಾಗ ಅವನಿಗೆ ಇಪ್ಪತ್ತಮೂರರ ಆಸುಪಾಸು. ಶಸ್ತ್ರ ಕಿತ್ತುಕೊಳ್ಳುವ ಕಾಯಿದೆಯ ವಿರುದ್ಧ ಹಲಗಲಿಯ ಬೇಡರು ಅದೇ ವರ್ಷದ ನವೆಂಬರಿನಲ್ಲಿ ಸಿಡಿದೆದ್ದಿದ್ದರು. ಸುರಪುರದಲ್ಲೂ ಜನ ಕೂಡತೊಡಗಿದರು. ಅರಸನ ಮನಸ್ಸು ತಿಳಿಯಲು ಹೈದರಾಬಾದಿನಲ್ಲಿದ್ದ ಕಂಪನಿಯ ರೆಸಿಡೆಂಟ್, ಕ್ಯಾಪ್ಟನ್ ಕ್ಯಾಂಪ್‌ಬೆಲ್‌ನನ್ನು ಕಳಿಸಿದ. 1858ರ ಫೆಬ್ರುವರಿ ಮೊದಲ ವಾರದ ಕೊನೆಗೆ ರಾತ್ರಿ ಇಂಗ್ಲಿಷರ ಡೇರೆಗಳ ಮೇಲೆ ದಾಳಿಯಾಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಸುತ್ತಲಿಂದ ಇನ್ನಷ್ಟು ಪಡೆ ಬರುತ್ತಿರುವುದನ್ನು ತಿಳಿದು ಅರಸ ಕೋಟೆ ಬಿಟ್ಟು ಹೈದರಾಬಾದಿಗೆ ಹೋದ. ವಾಗಣಗೇರಾದಿಂದ ಪಿಡ್ಡನಾಯಕ ಜಾರಿಹೋದಾಗ ಅವನಿಗೆ ಮರಾಠರ ಆಸರೆಯಿತ್ತು. ಈ ಸಲ ಹೋಗಲು ಅಂಥ ಜಾಗ ಉಳಿದಿರಲಿಲ್ಲ. ಹೈದರಾಬಾದಿನಲ್ಲಿ ಸೆರೆಸಿಕ್ಕ ವೆಂಕಟಪ್ಪ ನಾಯಕನನ್ನು ದಿವಾನ ಸಾಲಾರ್ ಜಂಗ್ ರೆಸಿಡೆಂಟನ ವಶಕ್ಕೆ ಕೊಟ್ಟ.

ವಿಚಾರಣೆಯಲ್ಲಿ ಮೊದಲು ಮರಣದಂಡನೆ, ಆಮೇಲೆ ಗಡೀಪಾರು, ಕೊನೆಗೆ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷ ಇಟ್ಟುಕೊಳ್ಳುವ ತೀರ್ಪು. ಅಲ್ಲಿಗೆ ಒಯ್ಯುವ ಹಾದಿಯಲ್ಲೇ ಪಿಸ್ತೂಲಿನ ಗುಂಡಿಗೆ ಅವನು ಸತ್ತ. ತಾನೇ ಹೊಡೆದುಕೊಂಡನೆಂದು ಇಂಗ್ಲಿಷರ ವರದಿ. ಸುರಪುರದ ಜನ ಅದನ್ನು ನಂಬಲಿಲ್ಲ.

1860ರ ಡಿಸೆಂಬರಿನ ಒಪ್ಪಂದದಲ್ಲಿ, ಬಂಡಾಯದ ಕಾಲದಲ್ಲಿ ನಿಷ್ಠನಾಗಿದ್ದುದಕ್ಕಾಗಿ, ಕಂಪನಿಯ ಅಧಿಕಾರ ವಹಿಸಿಕೊಂಡ ಬ್ರಿಟಿಷ್ ಸರ್ಕಾರ ಸುರಪುರವನ್ನು ನಿಜಾಮನಿಗೆ ಬಿಟ್ಟುಕೊಟ್ಟಿತು. ವಾಗಣಗೇರಾದ ಮುಂದೆ ಬಡ್ತಿ ಪಡೆದಿದ್ದ ಸರದಾರನ ವಂಶಕ್ಕೆ ಆ ಗುಡ್ಡಗಳು ಒಂದೂವರೆ ಶತಮಾನದ ಮೇಲೆ ಹೀಗೆ ಸೇರಿದವು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು, 1956ರಲ್ಲಿ ಈ ಸೀಮೆ ಕನ್ನಡ ನಾಡಿನ ಭಾಗವಾಯಿತು. ಕಲಬುರಗಿ ಜಿಲ್ಲೆಯಲ್ಲಿದ್ದ ಸುರಪುರ, ಶಹಾಪುರಗಳು 2009ರ ಡಿಸೆಂಬರಿನಲ್ಲಿ ಹೊಸ ಯಾದಗಿರಿ ಜಿಲ್ಲೆಗೆ ಸೇರಿದವು. ಕನ್ನಡದಲ್ಲಿ ಈ ಮನೆತನದ ಕಥೆಯನ್ನು ಕೂಡಿಸಿ ಬರೆದವರಲ್ಲಿ ಕಪಟರಾಳ ಕೃಷ್ಣರಾಯರ ಹೆಸರು ಮೊದಲು ಬರುತ್ತದೆ. ಪಾರಸಿ ತವಾರೀಖುಗಳನ್ನೂ ಟೇಲರನ ಬರಹವನ್ನೂ ಅವರ ಗ್ರಂಥದ ಪಕ್ಕದಲ್ಲಿಟ್ಟು ಓದಿದರೆ ಕೋಟೆಯ ಹೊರಗಿನವರ ಮಾತಿನ ಜೊತೆಗೆ ಒಳಗಿನವರ ಮಾತೂ ಕಿವಿಗೆ ಬೀಳುತ್ತದೆ.